ಆಫ್ರಿಕನ್ ಪೊಟೇಟೊ ಕ್ಯಾಪ್ಸೂಲ್ ಅಪ್ಪನಿಗೆ ಕೊಡಬಹುದಾ? ಡಬ್ಬಿ ತುಂಬಾ ಆಂಟಿಆಕ್ಸಿಡೆಂಟ್ ಅಂತ ಬರೆದಿದೆ

ಕೇಪಿನ_ಕಿಟ್ಟಿ
ಎಲ್ಲರಿಗೂ ನಮಸ್ಕಾರ. ನಾನು ಕೇಪ್ ಟೌನ್‌ಗೆ ಬಂದು ಮೂರು ವರ್ಷ ಆಯಿತು. ಮುಂದಿನ ತಿಂಗಳು ಊರಿಗೆ, ಅಂದರೆ ರಾಣೆಬೆನ್ನೂರಿಗೆ ಹೊರಟಿದ್ದೇನೆ. ಅಪ್ಪನಿಗೆ 68. ಬಿಪಿಗೆ ದಿನಾ ಆಮ್ಲೋಡಿಪಿನ್ ತಗೊಳ್ಳುತ್ತಾರೆ. ಶುಗರ್ ಗಡಿಯಲ್ಲಿದೆ.

ಆಫೀಸಿನ ಗೆಳೆಯರೊಬ್ಬರು ಅಪ್ಪನಿಗೆ ಅಂತ ಮೂರು ಸಾಮಾನು ಕೊಟ್ಟಿದ್ದಾರೆ. ರೂಯಿಬೊಸ್ ಟೀ (ಇಲ್ಲಿನ ಒಂದು ಪೊದೆಯ ಎಲೆಯಿಂದ ಮಾಡುವ ಕೆಂಪು ಟೀ) ಒಂದು ಪೊಟ್ಟಣ. ಒಣಗಿದ ಕೆಂಪು ಹೈಬಿಸ್ಕಸ್ ಒಂದು ಚೀಲ. ಆಮೇಲೆ ‘ಆಫ್ರಿಕನ್ ಪೊಟೇಟೊ’ ಅನ್ನೋ ಗಡ್ಡೆಯ ಕ್ಯಾಪ್ಸೂಲ್ ಒಂದು ಡಬ್ಬಿ. ಇಲ್ಲಿನ ನಾಟಿ ವೈದ್ಯರು ತಲೆತಲಾಂತರದಿಂದ ಬಳಸಿದ್ದು ಅಂತಾರೆ. ಮೂರರ ಮೇಲೂ ದಪ್ಪಕ್ಷರದಲ್ಲಿ ಆಂಟಿಆಕ್ಸಿಡೆಂಟ್ ಅಂತಿದೆ. ಅಪ್ಪ ಫೋನಿನಲ್ಲಿ ‘ಎಲ್ಲಾ ತಗೊಂಡು ಬಾ, ಈ ಗುಳಿಗೆ ನುಂಗಿ ಸಾಕಾಗಿದೆ’ ಅಂದರು. ಅದೇ ನನಗೆ ಭಯ.

ಆಂಟಿಆಕ್ಸಿಡೆಂಟ್ ಅಂದರೆ ನಿಜಕ್ಕೂ ಏನಾದರೂ ಇದೆಯಾ, ಇಲ್ಲಾ ಬರೀ ಡಬ್ಬಿ ಮೇಲಿನ ಮಾತಾ? ಗೊತ್ತಿರುವವರು ಹೇಳಿ.

ಹಾಸನದ_ಹುಡುಗ
ಮನೆ ಹಿತ್ತಲಲ್ಲಿ ನುಗ್ಗೆಸೊಪ್ಪು ಇಟ್ಟುಕೊಂಡು ಆಫ್ರಿಕಾದಿಂದ ಆಂಟಿಆಕ್ಸಿಡೆಂಟ್ ತರ್ತೀರಾ ಸಾರ್?

ಲ್ಯಾಬ್_ಲತಾ
ಈ ಪ್ರಶ್ನೆ ನನಗೇ ಕೇಳಿದ ಹಾಗಿದೆ. ಎಮ್ಮೆಸ್ಸಿ ಪ್ರಾಜೆಕ್ಟಿನಲ್ಲಿ ಆರು ತಿಂಗಳು ಇದೇ ಮಾಡಿದ್ದೇನೆ. ಹೇಗಿರುತ್ತದೆ ಅಂತ ಹೇಳುತ್ತೇನೆ, ಕೇಳಿ.

ಆಂಟಿಆಕ್ಸಿಡೆಂಟ್ ಅಂದರೆ ಜೀವಕೋಶ ಕೆಡಿಸುವ ಚುರುಕು ಕಣಗಳನ್ನು (ಫ್ರೀ ರ‍್ಯಾಡಿಕಲ್) ತಣ್ಣಗಾಗಿಸುವ ವಸ್ತು. ಅದನ್ನು ಪರೀಕ್ಷಿಸೋಕೆ ಡಿಪಿಪಿಎಚ್ ಅನ್ನೋ ಅಂಥದ್ದೇ ಒಂದು ರಾಸಾಯನಿಕ ಇದೆ. ಮೆಥನಾಲಿನಲ್ಲಿ ಕರಗಿಸಿದರೆ ನೇರಳೆ ಹಣ್ಣಿನ ಬಣ್ಣ. ಅದಕ್ಕೆ ಗಿಡದ ರಸ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡಬೇಕು. ರಸದಲ್ಲಿ ಪಾಲಿಫಿನಾಲ್ (ಗಿಡಗಳಲ್ಲಿರುವ ಒಂದು ಬಗೆಯ ಆಂಟಿಆಕ್ಸಿಡೆಂಟ್) ತರಹದ ವಸ್ತು ಇದ್ದರೆ ನೇರಳೆ ಬಣ್ಣ ಹೋಗಿ ಹಳದಿ ಆಗುತ್ತದೆ. 517 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಬಣ್ಣ ಎಷ್ಟು ಇಳಿಯಿತು ಅಂತ ಅಳೆದು, ವಿಟಮಿನ್ ಸಿ ಜೊತೆ ಹೋಲಿಸಿ, ‘ಈ ಗಿಡಕ್ಕೆ ಒಳ್ಳೆಯ ಆಂಟಿಆಕ್ಸಿಡೆಂಟ್ ಗುಣ ಇದೆ’ ಅಂತ ಬರೆಯೋದು. ಅಷ್ಟೇ. ನೈಜೀರಿಯಾದ ಸೊಪ್ಪಾಗಲಿ, ಕ್ಯಾಮರೂನಿನ ತೊಗಟೆಯಾಗಲಿ, ಇಂಥ ಪೇಪರುಗಳು ರಾಶಿ ರಾಶಿ ಇವೆ. ಅಗ್ಗದ ಪ್ರಯೋಗ, ಬೇಗ ಮುಗಿಯುತ್ತದೆ, ಹೆಚ್ಚು ಕಡಿಮೆ ಯಾವ ಗಿಡ ಹಾಕಿದರೂ ಏನೋ ಒಂದು ಉತ್ತರ ಬರುತ್ತದೆ. ನಾವು ಒಮ್ಮೆ ತಮಾಷೆಗೆ ಕ್ಯಾಂಟೀನಿನ ಕಾಫಿ ಹಾಕಿ ನೋಡಿದೆವು. ನಮ್ಮ ಗಿಡಕ್ಕಿಂತ ಬೇಗ ಹಳದಿ ಆಯಿತು. ಗೈಡ್ ನಗಲಿಲ್ಲ.

ಗಿಡಕ್ಕೆ ಈ ವಸ್ತುಗಳು ಯಾಕೆ ಬೇಕು? ಓಡಿಹೋಗೋಕೆ ಕಾಲಿಲ್ಲ. ಬಿಸಿಲು, ಬರ, ಹುಳು ಎಲ್ಲವನ್ನೂ ನಿಂತಲ್ಲೇ ತಡೆದುಕೊಳ್ಳಬೇಕು. ಅದಕ್ಕೆ ಮಾಡಿಕೊಂಡಿರುತ್ತದೆ, ನಮಗಾಗಿ ಅಲ್ಲ. ಗಾಜಿನ ನಳಿಕೆಯಲ್ಲಿ ಕೆಲಸ ಮಾಡಿದ್ದು ಹೊಟ್ಟೆಗೆ ಹೋದ ಮೇಲೆ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಕರುಳಿನಲ್ಲಿ ಒಡೆಯುತ್ತದೆ, ಲಿವರ್ ಬದಲಾಯಿಸುತ್ತದೆ, ಉಳಿದ ಚೂರು ಮೂತ್ರದಲ್ಲಿ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯನ್ನು ವೆಬ್‌ಸೈಟಿನಲ್ಲಿ ಇಟ್ಟಿತ್ತು. 2012ರಲ್ಲಿ ಅದನ್ನು ತೆಗೆದುಹಾಕಿತು. ಆ ಅಂಕಿಗೂ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ಇಲ್ಲ, ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿವೆ ಅಂತ ಕಾರಣ ಕೊಟ್ಟರು.

ಮಲ್ನಾಡ್_ಮಂಜಣ್ಣ
ಲತಾ ಅವರೇ, ಲ್ಯಾಬಿನಲ್ಲಿ ಸಾಬೀತಾದರೆ ಅದು ಲ್ಯಾಬಿನ ಮಾತು ಅಂತೀರಿ. ಸಾಬೀತಾಗದಿದ್ದರೆ ಮೂಢನಂಬಿಕೆ ಅಂತೀರಿ. ಒಟ್ಟಿನಲ್ಲಿ ಕಂಪನಿ ಗುಳಿಗೆಯೇ ಗೆಲ್ಲಬೇಕು! ಸಾವಿರಾರು ವರ್ಷ ಜನ ಬಳಸಿ ಬದುಕಿದ್ದಾರೆ. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ.

ಡರ್ಬನ್_ದೇಸಾಯಿ
ಮಂಜಣ್ಣ, ಕೊನೆಯ ಸಾಲಿಗೆ ಮಾತ್ರ ನನ್ನ ತಕರಾರು. ನಾನು ಡರ್ಬನ್‌ನಲ್ಲಿ ಹನ್ನೊಂದು ವರ್ಷ ಇದ್ದೆ. ಅಲ್ಲಿ ವಾರ್ವಿಕ್ ಅನ್ನೋ ಕಡೆ ದೊಡ್ಡ ಮೂಲಿಕೆ ಮಾರುಕಟ್ಟೆ ಇದೆ. ‘ಮುತಿ’ ಅಂತಾರೆ ಔಷಧಿಗೆ. ತೊಗಟೆ, ಬೇರು, ಗಡ್ಡೆ ಗುಡ್ಡೆ ಹಾಕಿಕೊಂಡು ಹೆಂಗಸರು ಕೂತಿರುತ್ತಾರೆ, ನಮ್ಮ ಸಂತೆಯಲ್ಲಿ ಶುಂಠಿ ಮಾರೋ ಹಾಗೆ. ಗಿಡದ ಔಷಧಿ ಕೊಡುವವರು ‘ಇನ್ಯಾಂಗ’. ಹಿರಿಯರ ಆತ್ಮದ ಜೊತೆ ಮಾತಾಡಿ ಕಾರಣ ಹೇಳುವವರು ‘ಸಂಗೋಮ’. ಈಗ ಎರಡೂ ಬೆರೆತಿವೆ.

ಅಲ್ಲಿ ಯಾರೂ ಆಂಟಿಆಕ್ಸಿಡೆಂಟ್ ಅನ್ನುವುದಿಲ್ಲ. ರಕ್ತ ಶುದ್ಧಿ, ಹೊಟ್ಟೆ ಶುದ್ಧಿ ಅಂತಾರೆ. ಹತ್ತಾರು ಬೇರು ಹಾಕಿ ಕುದಿಸಿದ ‘ಇಂಬಿಜ’ ಅನ್ನೋ ಕಷಾಯ ಮಾರುತ್ತಾರೆ.

ಈಗ ಸೈಡ್ ಎಫೆಕ್ಟ್ ವಿಷಯ. ಜುಲು ಜನ ಬಳಸುವ ಒಂದು ಗಿಡದ ಹೆಸರು ‘ಇಂಪಿಲ’. ಆ ಪದದ ಅರ್ಥವೇ ಆರೋಗ್ಯ. ಅದರ ಗಡ್ಡೆಯಲ್ಲಿ ಅಟ್ರಾಕ್ಟಿಲೊಸೈಡ್ ಅನ್ನೋ ವಿಷ ಇದೆ. ಲಿವರ್ ಮತ್ತು ಕಿಡ್ನಿ ಎರಡನ್ನೂ ಕೆಡಿಸುತ್ತದೆ. ಮಕ್ಕಳೂ ಸತ್ತಿದ್ದಾರೆ. ಹೆಸರಲ್ಲಿ ಆರೋಗ್ಯ, ತಿಂದರೆ ಆಸ್ಪತ್ರೆ.

ಮಲ್ನಾಡ್_ಮಂಜಣ್ಣ
ಒಂದು ಗಿಡ ಹಿಡಿದು ಎಲ್ಲದಕ್ಕೂ ಮಸಿ ಬಳಿಯಬೇಡಿ.

ಡರ್ಬನ್_ದೇಸಾಯಿ
ಬಳಿಯುತ್ತಿಲ್ಲ. ‘ಇಲ್ಲ’ ಅಂದಿರಿ, ‘ಇದೆ’ ಅಂದೆ. ಅಷ್ಟೇ.

ವೈದ್ಯೆ_ವಸುಧಾ
ಕಿಟ್ಟಿಯವರೇ, ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರೂಯಿಬೊಸ್ ಟೀ, ಹೈಬಿಸ್ಕಸ್ ಎರಡೂ ಜನ ದಿನಾ ಕುಡಿಯುವ ಪಾನೀಯ. ಆಫ್ರಿಕನ್ ಪೊಟೇಟೊ ಕ್ಯಾಪ್ಸೂಲ್ ಬೇರೆ ಕಥೆ.

ಅದು ಆಲೂಗಡ್ಡೆ ಅಲ್ಲ. ಹೈಪಾಕ್ಸಿಸ್ ಅನ್ನೋ ಗಿಡ. ಹುಲ್ಲಿನ ತರಹ ಎಲೆ, ನಕ್ಷತ್ರದಂಥ ಹಳದಿ ಹೂ. ನಮ್ಮ ನೆಲತಾಳೆಯ ಕುಟುಂಬವೇ. ಗಡ್ಡೆಯಲ್ಲಿ ಹೈಪಾಕ್ಸೊಸೈಡ್ ಇದೆ. ಅದು ಕರುಳಿನಲ್ಲಿ ಒಡೆದು ರೂಪರಾಲ್ ಆಗುತ್ತದೆ. ರೂಪರಾಲ್ ಗಾಜಿನ ನಳಿಕೆಯಲ್ಲಿ ಒಳ್ಳೆಯ ಆಂಟಿಆಕ್ಸಿಡೆಂಟ್. ಡಬ್ಬಿ ಮೇಲಿನ ಮಾತು ಅಲ್ಲಿಂದ ಬಂದಿದ್ದು, ಸುಳ್ಳಲ್ಲ. ಆದರೆ ಅದೇ ಗಡ್ಡೆಯ ರಸ ಲಿವರಿನ ಸಿವೈಪಿ3ಎ4 ಅನ್ನೋ ಕಿಣ್ವವನ್ನು ತಡೆಯುತ್ತದೆ ಅಂತಲೂ ಅಂಥದ್ದೇ ಪ್ರಯೋಗದಲ್ಲಿ ಕಂಡಿದೆ. ಆಮ್ಲೋಡಿಪಿನ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಇದೇ ಕಿಣ್ವದಿಂದ. ಕಿಣ್ವ ನಿಧಾನ ಆದರೆ ಗುಳಿಗೆ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಬಹುದು. ಬಿಪಿ ಇಳಿದು ತಲೆ ಸುತ್ತಬಹುದು. ಅಪ್ಪನ ವಯಸ್ಸಿನಲ್ಲಿ ಬಚ್ಚಲಲ್ಲಿ ಒಮ್ಮೆ ಜಾರಿದರೂ ಸಾಕು. ಕ್ಯಾಪ್ಸೂಲ್ ತರಬೇಡಿ.

ಲ್ಯಾಬ್_ಲತಾ
ಡಾಕ್ಟ್ರೇ, ಇದೂ ನಳಿಕೆಯ ಪ್ರಯೋಗವೇ ಅಲ್ವಾ? ಒಳ್ಳೆಯದು ಅಂದರೆ ನಂಬಬೇಡಿ, ಕೆಟ್ಟದ್ದು ಅಂದರೆ ನಂಬಿ ಅಂದ ಹಾಗಾಯಿತು. ಮಂಜಣ್ಣ ಹಿಡಿದುಕೊಳ್ಳುತ್ತಾರೆ ನೋಡಿ.

ವೈದ್ಯೆ_ವಸುಧಾ
ನ್ಯಾಯವಾದ ಪ್ರಶ್ನೆ. ಆದರೆ ಎರಡೂ ಕಡೆ ಪಣ ಒಂದೇ ಅಲ್ಲ. ಲಾಭ ಆಗದಿದ್ದರೆ ದುಡ್ಡು ಹೋಯಿತು. ತೊಂದರೆ ಆದರೆ ಅಪ್ಪ ಬೀಳುತ್ತಾರೆ. ಅನುಮಾನ ಇದ್ದಾಗ ನಾನು ಬೀಳುವ ಕಡೆ ನೋಡುತ್ತೇನೆ.

ಇನ್ನೊಂದು ವಿಷಯ. ಈ ಗಡ್ಡೆಗೆ ದೊಡ್ಡ ಇತಿಹಾಸ ಇದೆ. 2000ದ ದಶಕದಲ್ಲಿ ದಕ್ಷಿಣ ಆಫ್ರಿಕಾದ ಆರೋಗ್ಯ ಮಂತ್ರಿ ಮಾಂಟೊ ಶಬಲಾಲ ಎಂಸಿಮಾಂಗ್ ಎಚ್‌ಐವಿ ಇರುವವರಿಗೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆ, ಆಫ್ರಿಕನ್ ಪೊಟೇಟೊ ತಿನ್ನಿ ಅಂತ ಪ್ರಚಾರ ಮಾಡಿದರು. 2006ರ ಟೊರೊಂಟೊ ಏಡ್ಸ್ ಸಮ್ಮೇಳನದಲ್ಲಿ ಆ ದೇಶದ ಮಳಿಗೆಯಲ್ಲಿ ಇವನ್ನೇ ಜೋಡಿಸಿಟ್ಟಿದ್ದರು. ಜಗತ್ತೆಲ್ಲಾ ನಕ್ಕಿತು. ಹಾರ್ವರ್ಡ್‌ನವರು 2008ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಎಚ್‌ಐವಿ ಔಷಧಿ ತಡಮಾಡಿದ್ದಕ್ಕೆ 3 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಸತ್ತರು.

ಡರ್ಬನ್_ದೇಸಾಯಿ
ಅದು ನಿಜ. ಆದರೆ ಬೈಗುಳ ಗಡ್ಡೆಗೆ ಬೇಡ ಡಾಕ್ಟ್ರೇ. ಜನ ಸತ್ತಿದ್ದು ಗಡ್ಡೆ ತಿಂದು ಅಲ್ಲ, ಸರಕಾರ ಔಷಧಿ ಕೊಡದೆ. ಆಗಿನ ಅಧ್ಯಕ್ಷ ಎಂಬೆಕಿಗೆ ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಅನ್ನೋದರ ಮೇಲೇ ಅನುಮಾನ ಇತ್ತು. ಊರಿನ ನಾಟಿ ವೈದ್ಯರು ಎಷ್ಟೋ ಜನ ರೋಗಿಯನ್ನು ತಾವೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಕಂಡಿದ್ದೇನೆ.

ವೈದ್ಯೆ_ವಸುಧಾ
ಒಪ್ಪಿದೆ.

ಪುಂಡಿಪಲ್ಯ_ಪ್ರೇಮಿ
ಯಪ್ಪಾ, ಎಚ್‌ಐವಿ ತನಕ ಹೋದಿರಿ! ಆ ಕೆಂಪು ಹೂವಿನ ಕಡೆ ಬನ್ನಿ. ಕಿಟ್ಟಿ ಅವರೇ, ನೀವು ಹಾವೇರಿ ಜಿಲ್ಲೆಯವರಾಗಿ ಹೈಬಿಸ್ಕಸ್ ಅಂತ ವಿಮಾನದಲ್ಲಿ ಹೊತ್ತು ತರ್ತಿದ್ದೀರಲ್ಲ, ಅದು ನಮ್ಮ ಪುಂಡಿ! ಕಲಬುರಗಿ ಕಡೆ ಪುಂಡಿ ಪಲ್ಯ, ಜೋಳದ ರೊಟ್ಟಿ ಇಲ್ಲದ ಮನೆ ತೋರಿಸಿ.

ಗಿಡಗಂಟಿ_ಗಿರೀಶ
ಸಣ್ಣ ತಿದ್ದುಪಡಿ. ಪುಂಡಿ ಅಂತ ಎರಡು ಗಿಡಕ್ಕೂ ಕರೆಯುತ್ತಾರೆ. ಒಂದು ನಾರಿನ ಪುಂಡಿ, ಅದರಿಂದ ಹಗ್ಗ ಮಾಡುತ್ತಾರೆ, ಸೊಪ್ಪನ್ನೂ ತಿನ್ನುತ್ತಾರೆ. ಇನ್ನೊಂದು ಕೆಂಪು ಪುಂಡಿ. ಆಫ್ರಿಕಾದ ಪಾನೀಯಕ್ಕೆ ಬಳಸುವುದು ಎರಡನೆಯದನ್ನು. ಅದೂ ಹೂ ಅಲ್ಲ. ಹೂ ಉದುರಿದ ಮೇಲೆ ಕಾಯಿ ಸುತ್ತ ಉಳಿಯುತ್ತದಲ್ಲ, ಆ ದಪ್ಪ ಕೆಂಪು ಪುಷ್ಪಪಾತ್ರೆ. ಗಿಡದ ಮೂಲವೂ ಆಫ್ರಿಕಾವೇ. ಹಾಗಾಗಿ ನಮ್ಮ ಪುಂಡಿ ಅಲ್ಲಿಗೆ ಹೋಗಿದ್ದಲ್ಲ, ಅವರ ಪುಂಡಿ ಇಲ್ಲಿಗೆ ಬಂದಿದ್ದು.

ಪುಂಡಿಪಲ್ಯ_ಪ್ರೇಮಿ
ಎಲ್ಲಿಂದಾದರೂ ಬರಲಿ, ಬೆಳ್ಳುಳ್ಳಿ ಒಗ್ಗರಣೆ ನಮ್ಮದೇ.

ಲೇಗೋಸ್_ವೆಂಕಿ
ನೈಜೀರಿಯಾದಲ್ಲಿ ಇದಕ್ಕೆ ‘ಜೋಬೊ’ ಅಂತಾರೆ. ಸೆನೆಗಲ್‌ನಲ್ಲಿ ‘ಬಿಸಾಪ್’, ಸುಡಾನ್ ಮತ್ತು ಈಜಿಪ್ಟಿನಲ್ಲಿ ‘ಕರ್ಕದೆ’. ನಮ್ಮ ಅಡುಗೆಯವರು ಶುಂಠಿ, ಲವಂಗ, ಅನಾನಸ್ ಸಿಪ್ಪೆ ಹಾಕಿ ಕುದಿಸಿ, ಸೋಸಿ, ತಣ್ಣಗೆ ಮಾಡಿ ಕೊಡುತ್ತಾರೆ. ಸೆಕೆಯಲ್ಲಿ ಒಂದು ಲೋಟ ಕುಡಿದರೆ ಜೀವ ಬರುತ್ತದೆ.

ಬಿಪಿಗೆ ಒಳ್ಳೆಯದು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ರಸ್ತೆ ಬದಿಯ ಬಾಟಲಿಯಲ್ಲಿ ಸಕ್ಕರೆ ಎಷ್ಟು ಅಂದರೆ, ಬಾಟಲಿ ಹಿಡಿದ ಕೈ ಅಂಟುತ್ತದೆ. ನಾನು ಔಷಧಿ ಅಂತ ದಿನಾ ಎರಡು ಬಾಟಲಿ ಕುಡಿದು ನಾಲ್ಕು ಕಿಲೋ ಏರಿದೆ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಲ್ಯಾಬ್_ಲತಾ
ವೆಂಕಿಯಣ್ಣ, ಈ ಗಿಡದ ಮೇಲೆ ಮಾತ್ರ ಮನುಷ್ಯರ ಮೇಲೇ ಒಳ್ಳೆಯ ಪ್ರಯೋಗ ಆಗಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ್ದು. ಬಿಪಿ ಸ್ವಲ್ಪ ಏರಿದ್ದ 65 ಜನ, ಅರ್ಧ ಜನಕ್ಕೆ ದಿನಾ ಮೂರು ಕಪ್ ಹೈಬಿಸ್ಕಸ್ ಟೀ, ಉಳಿದವರಿಗೆ ಅದೇ ಬಣ್ಣ, ರುಚಿಯ ಡುಪ್ಲಿಕೇಟ್ ಪಾನೀಯ. ಆರು ವಾರದ ಮೇಲೆ ಟೀ ಕುಡಿದವರ ಮೇಲಿನ ಬಿಪಿ ಸರಾಸರಿ 7.2 ಇಳಿದಿತ್ತು. ಡುಪ್ಲಿಕೇಟ್ ಕುಡಿದವರದ್ದು 1.3. ಅವರು ಬಿಪಿ ಗುಳಿಗೆ ತಗೊಳ್ಳುತ್ತಿರಲಿಲ್ಲ ಅನ್ನೋದು ಗಮನದಲ್ಲಿರಲಿ.

ಕೆಂಪು ಬಣ್ಣ ಆಂಥೊಸಯನಿನ್‌ನಿಂದ ಬಂದಿದ್ದು. ಅದು ಆಂಟಿಆಕ್ಸಿಡೆಂಟ್ ಹೌದು. ಆದರೆ ಬಿಪಿ ಇಳಿದಿದ್ದು ಅದೇ ಗುಣದಿಂದ ಅಂತ ಹೇಳೋಕೆ ಬರುವುದಿಲ್ಲ. ರಕ್ತನಾಳ ಸಡಿಲ ಆಗುವುದು, ಮೂತ್ರ ಜಾಸ್ತಿ ಹೋಗುವುದು, ಇಂಥ ಬೇರೆ ದಾರಿಗಳೂ ಇವೆ. ಮಕ್ಕಳಿದ್ದರೆ ಒಂದು ಆಟ ಮಾಡಿ: ಆ ಕೆಂಪು ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ. ನೀಲಿ ಹಸಿರಿಗೆ ತಿರುಗುತ್ತದೆ. ನಿಂಬೆ ಹಿಂಡಿದರೆ ಮತ್ತೆ ಕೆಂಪು.

ವೈದ್ಯೆ_ವಸುಧಾ
ಅದಕ್ಕೇ ಹೇಳೋದು, ಗುಳಿಗೆ ಜೊತೆ ಇದನ್ನೂ ಲೋಟಗಟ್ಟಲೆ ಕುಡಿದರೆ ಎರಡೂ ಸೇರಿ ಬಿಪಿ ಇಳಿಸಬಹುದು. ಅಪ್ಪನ ಡಾಕ್ಟರಿಗೆ ಮೊದಲೇ ತಿಳಿಸಿ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಬರೆದಿಡಿ. ಸಕ್ಕರೆ ಇಲ್ಲದೆ. ಮುಖ್ಯವಾಗಿ ಗುಳಿಗೆ ನಿಲ್ಲಿಸಬಾರದು.

ಸವಣೂರ_ಶಿವು
ಕಿಟ್ಟಿ ಅಣ್ಣ, ರಾಣೆಬೆನ್ನೂರಿನಿಂದ ನಮ್ಮ ಸವಣೂರು ದೂರವೇನಲ್ಲ. ದೊಡ್ಡಹುಣಸೆ ಮಠದ ಮರ ನೋಡಿದ್ದೀರಾ? ಅದು ಹುಣಸೆಯೇ ಅಲ್ಲ. ಆಫ್ರಿಕಾದ ಬಾವೊಬಾಬ್! ಬುಡ ತಬ್ಬೋಕೆ ಹತ್ತು ಹನ್ನೆರಡು ಜನ ಬೇಕು. ಕಾಯಿ ಒಡೆದರೆ ಒಳಗೆ ಬಿಳಿ ಪುಡಿ, ಹುಳಿ ಹುಳಿ. ಚಿಕ್ಕಂದಿನಲ್ಲಿ ನಾವು ಚೀಪುತ್ತಿದ್ದೆವು.

ಗಿಡಗಂಟಿ_ಗಿರೀಶ
ಆ ಬಿಳಿ ಪುಡಿಯನ್ನೇ ಈಗ ಯುರೋಪಿನಲ್ಲಿ ಸೂಪರ್‌ಫುಡ್ ಅಂತ ಮಾರುತ್ತಾರೆ. 2008ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಸೆನೆಗಲ್‌ನಲ್ಲಿ ಅದನ್ನು ನೀರಲ್ಲಿ ಕಲಸಿ ‘ಬುಯ್’ ಅಂತ ಕುಡಿಯುತ್ತಾರೆ. ಭೇದಿಗೆ, ಜ್ವರಕ್ಕೆ ಹಳೆಯ ಮದ್ದು. ವಿಟಮಿನ್ ಸಿ ಕಿತ್ತಳೆಗಿಂತ ಎಷ್ಟೋ ಜಾಸ್ತಿ, ಆದರೆ ಮರದಿಂದ ಮರಕ್ಕೆ ಬಹಳ ವ್ಯತ್ಯಾಸ. ಕುದಿಸಿದರೆ ಕಡಿಮೆ ಆಗುತ್ತದೆ.

ಹಾಸನದ_ಹುಡುಗ
ಹಾಗಾದರೆ ಸವಣೂರಿನ ಮಠದವರು ಒಂದು ಸೂಪರ್‌ಫುಡ್ ಕಂಪನಿ ತೆಗೆಯಬಹುದು.

ಸವಣೂರ_ಶಿವು
ಇರೋದೇ ಬೆರಳೆಣಿಕೆಯ ಮರ. ದಯವಿಟ್ಟು ಐಡಿಯಾ ಕೊಡಬೇಡಿ.

ಯಲ್ಲಾಪುರದ_ಸುಮ
ಯಾರಾದರೂ ಬರೆಯುವ ಮುಂಚೆ ನಾನೇ ಬರೆದುಬಿಡುತ್ತೇನೆ. ಆಫ್ರಿಕಾ ಅಂದ ಕೂಡಲೇ ‘ಸಿದ್ದಿ ಜನರಿಗೆ ಆ ಗುಟ್ಟಿನ ಮೂಲಿಕೆ ಗೊತ್ತಿರಬೇಕು’ ಅಂತ ನನ್ನನ್ನು ಕಾಲೇಜಿನಲ್ಲಿ ಎಷ್ಟು ಜನ ಕೇಳಿದ್ದಾರೋ. ನಮ್ಮ ಹಿರಿಯರು ಹಡಗಿನಲ್ಲಿ ಗುಲಾಮರಾಗಿ ಬಂದವರು. ಮೂಲಿಕೆ ಗಂಟು ಕಟ್ಟಿಕೊಂಡು ಪ್ರವಾಸ ಬಂದವರಲ್ಲ. ನಮ್ಮಜ್ಜಿ ಬಳಸುತ್ತಿದ್ದಿದ್ದು ಯಲ್ಲಾಪುರದ ಕಾಡಿನ ಗಿಡವನ್ನೇ. ಆಫ್ರಿಕಾದ ಗಿಡ ಅವಳು ಕಂಡಿದ್ದರೆ ಅದು ಹುಣಸೆಮರ ಅಷ್ಟೇ.

ಮಂಡ್ಯದ_ಮಾದೇಶ
ಹುಣಸೆ ಆಫ್ರಿಕಾದ್ದಾ??

ಗಿಡಗಂಟಿ_ಗಿರೀಶ
ಹೌದು. ರಾಗಿಯೂ ಅಲ್ಲಿಯದೇ. ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ಪ್ರದೇಶ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ಕೀನ್ಯಾದಲ್ಲಿ ರಾಗಿಗೆ ‘ವಿಂಬಿ’ ಅಂತಾರೆ. ಗಂಜಿ ಮಾಡಿದರೆ ‘ಉಜಿ’. ಆಂಟಿಆಕ್ಸಿಡೆಂಟ್ ಬೇಕು ಅನ್ನುವವರಿಗೆ: ರಾಗಿಯ ಕೆಂಪು ಸಿಪ್ಪೆಯಲ್ಲಿ ಪಾಲಿಫಿನಾಲ್ ಧಾರಾಳ ಇದೆ.

ಮಂಡ್ಯದ_ಮಾದೇಶ
ರಾಗಿ ನಮ್ಮದಲ್ಲ ಅಂತ ಇವತ್ತು ಮನೆಯಲ್ಲಿ ಹೇಳಿದರೆ ನನಗೆ ಮುದ್ದೆ ಸಿಗುವುದಿಲ್ಲ.

ಹಾಸನದ_ಹುಡುಗ
ನುಗ್ಗೆಯೂ ಆಫ್ರಿಕಾದ್ದು ಅಂತ ಮಾತ್ರ ಹೇಳಬೇಡಿ.

ಗಿಡಗಂಟಿ_ಗಿರೀಶ
ಇಲ್ಲ, ಅದು ನಮ್ಮದೇ, ಹಿಮಾಲಯದ ತಪ್ಪಲಿನದು. ಇಲ್ಲಿಂದ ಅಲ್ಲಿಗೆ ಹೋಗಿ ಸೆನೆಗಲ್‌ನಲ್ಲಿ ‘ನೆಬೆದಾಯ್’ ಆಯಿತು. ಇಥಿಯೋಪಿಯಾದ ಕೊನ್ಸೊ ಜನರದು ಬೇರೆ ಜಾತಿಯ ನುಗ್ಗೆ, ಅದು ಅಲ್ಲಿಯದೇ.

ನಿರ್ವಾಹಕ
ರಾಗಿ ಮೂಲದ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಕಿಟ್ಟಿಯವರ ಡಬ್ಬಿ ವಿಷಯ.

ಕಾಡು_ಕವಿತಾ
ವಿಷಯಕ್ಕೇ ಬರುತ್ತೇನೆ. ಮಂಜಣ್ಣನ ಪರವಾಗಿ ಒಂದು ಮಾತು. ನಾಟಿ ಔಷಧಿ ಅಂದರೆ ಬರೀ ನಂಬಿಕೆ ಅಲ್ಲ. 1987ರಲ್ಲಿ ತಾಂಜಾನಿಯಾದ ಮಹಾಲೆ ಬೆಟ್ಟದಲ್ಲಿ ಮೈಕಲ್ ಹಫ್‌ಮನ್ ಅನ್ನೋ ಸಂಶೋಧಕರು, ಸ್ಥಳೀಯ ಟೊಂಗ್ವೆ ಸಮುದಾಯದ ಜೊತೆಗಾರ ಮೊಹಮ್ಮದಿ ಸೈಫು ಕಲುಂದೆ, ಇಬ್ಬರೂ ಒಂದು ಕಾಯಿಲೆ ಬಿದ್ದ ಹೆಣ್ಣು ಚಿಂಪಾಂಜಿಯ ಹಿಂದೆ ಹೋದರು. ಅದು ಬಿಟ್ಟರ್ ಲೀಫ್ ಅನ್ನೋ ಕಹಿ ಗಿಡದ ದಂಟು ಸುಲಿದು, ಒಳಗಿನ ತಿರುಳು ಅಗಿದು ರಸ ನುಂಗಿತು, ನಾರು ಉಗುಳಿತು. ಮಾರನೇ ದಿನ ಗೆಲುವಾಗಿತ್ತು. ಟೊಂಗ್ವೆ ಜನ ಹೊಟ್ಟೆನೋವಿಗೆ, ಜಂತುಹುಳಕ್ಕೆ ಅದೇ ಗಿಡ ಬಳಸುತ್ತಾರೆ. ಆ ಕಹಿ ವಸ್ತುಗಳಿಗೆ ಪರಾವಲಂಬಿ ಜೀವಿಗಳನ್ನು ತಡೆಯುವ ಶಕ್ತಿ ಇದೆ ಅಂತ ಆಮೇಲೆ ಲ್ಯಾಬಿನಲ್ಲೂ ಕಂಡಿತು.

ಈಗ ಅದೇ ಗಿಡದ ಮೇಲಿನ ಪೇಪರ್ ಹುಡುಕಿ. ಅರ್ಧಕ್ಕರ್ಧ ಆಂಟಿಆಕ್ಸಿಡೆಂಟ್! ಹುಳಕ್ಕೆ ಕೊಡುವ ಮದ್ದನ್ನು ಬಣ್ಣ ಹೋಗುವ ಪರೀಕ್ಷೆಯಲ್ಲಿ ಪಾಸು ಮಾಡಿಸುತ್ತಾರೆ. ಇದು ನನಗೆ ನಾಟಿ ವೈದ್ಯಕ್ಕೆ ಮಾಡುವ ಅವಮಾನ ಅನಿಸುತ್ತದೆ.

ಮಲ್ನಾಡ್_ಮಂಜಣ್ಣ
ಅಂತೂ ಒಬ್ಬರಾದರೂ ಬಂದಿರಿ. ಕವಿತಾ ಅವರು ಹೇಳಿದ್ದು ನಾನು ಹೇಳಬೇಕಿದ್ದಿದ್ದು. ಚಿಂಪಾಂಜಿಗೆ ಡಬ್ಬಿ ಓದೋಕೆ ಬರುವುದಿಲ್ಲ.

ಲ್ಯಾಬ್_ಲತಾ
ಕವಿತಾ, ಈ ಮಾತು ನನ್ನ ಗೈಡ್‌ಗೆ ಕಳಿಸಲಾ? :)

ಅಂದಹಾಗೆ, ಆಂಟಿಆಕ್ಸಿಡೆಂಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವವರಿಗೆ ಒಂದು ಹಳೆಯ ಕಥೆ. ಫಿನ್‌ಲ್ಯಾಂಡಿನಲ್ಲಿ 29,133 ಜನ ಸಿಗರೇಟು ಸೇದುವ ಗಂಡಸರ ಮೇಲೆ ಪ್ರಯೋಗ ಮಾಡಿದರು. ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರುವ ಆಂಟಿಆಕ್ಸಿಡೆಂಟ್) ಗುಳಿಗೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುತ್ತದೆ ಅಂತ ಲೆಕ್ಕ. 1994ರಲ್ಲಿ ಫಲಿತಾಂಶ ಬಂತು. ಗುಳಿಗೆ ತಗೊಂಡವರಲ್ಲಿ ಕ್ಯಾನ್ಸರ್ 18% ಜಾಸ್ತಿ! ಕ್ಯಾರೆಟ್ ತಿಂದರೆ ಏನೂ ಆಗುವುದಿಲ್ಲ. ಸಾರ ತೆಗೆದು ಗುಳಿಗೆ ಮಾಡಿದಾಗ ಕಥೆ ಬದಲಾಗುತ್ತದೆ.

ಟೀಪುಡಿ_ತಿಮ್ಮಪ್ಪ
ರೂಯಿಬೊಸ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ನಾನು ಕೇಪ್ ಟೌನ್‌ನಿಂದ ಉತ್ತರಕ್ಕೆ ಕ್ಲಾನ್‌ವಿಲಿಯಂಗೆ ಹೋಗಿ ನೋಡಿಕೊಂಡು ಬಂದಿದ್ದೇನೆ. ಸೆಡರ್‌ಬರ್ಗ್ ಬೆಟ್ಟದ ಸುತ್ತ ಮಾತ್ರ ಚೆನ್ನಾಗಿ ಬೆಳೆಯುವ ಪೊದೆ. ಟೀ ಗಿಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ತೊಗರಿಯ ಕುಟುಂಬ. ಸೂಜಿಯಂಥ ಎಲೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ಹಸಿರು ಹೋಗಿ ಕೆಂಪು, ಜೇನಿನಂಥ ವಾಸನೆ. ಆಮೇಲೆ ಬಿಸಿಲಲ್ಲಿ ಹರಡುತ್ತಾರೆ.

ತಮಾಷೆ ಏನು ಗೊತ್ತಾ? ಇದರ ಹೆಸರಾಂತ ಆಂಟಿಆಕ್ಸಿಡೆಂಟ್ ಆಸ್ಪಲಥಿನ್. ಅದರಲ್ಲಿ ಬಹುಪಾಲು ಆ ರಾತ್ರಿಯ ರಾಶಿಯಲ್ಲೇ ಹಾಳಾಗುತ್ತದೆ. ಕೆಂಪು ಬಣ್ಣ ಬರೋದೇ ಆಕ್ಸಿಡೇಶನ್‌ನಿಂದ! ಹಸಿರು ರೂಯಿಬೊಸ್‌ನಲ್ಲಿ ಜಾಸ್ತಿ ಉಳಿದಿರುತ್ತದೆ. ರುಚಿ ಕೇಳಿದರೆ ನನಗೆ ಒಣಹುಲ್ಲು. ಕೆಂಪಿನದೇ ಚೆಂದ. ಕೆಫೀನ್ ಇಲ್ಲ, ರಾತ್ರಿ ಕುಡಿದರೂ ನಿದ್ದೆ ಬರುತ್ತದೆ. ಅಲ್ಲಿನವರು ಹಾಲು, ಸಕ್ಕರೆ ಹಾಕಿಕೊಂಡು ಕುಡಿಯುತ್ತಾರೆ.

ಲ್ಯಾಬ್_ಲತಾ
ಅಲ್ಲಿಯದೇ ಒಂದು ಸಣ್ಣ ಪ್ರಯೋಗ 2011ರಲ್ಲಿ ಬಂತು. ಹೃದಯದ ಕಾಯಿಲೆಯ ಅಪಾಯ ಇದ್ದ 40 ಜನ, ದಿನಾ ಆರು ಕಪ್, ಆರು ವಾರ. ಕೆಟ್ಟ ಕೊಲೆಸ್ಟ್ರಾಲ್ ಇಳಿಯಿತು, ಒಳ್ಳೆಯದು ಏರಿತು ಅಂತ ಬರೆದಿದ್ದಾರೆ. ನಲವತ್ತು ಜನ ಅಂದರೆ ಒಂದು ಮದುವೆ ಬಸ್ಸು. ಅಷ್ಟಕ್ಕೇ ಹಾರಾಡಬಾರದು.

ಕಾಡು_ಕವಿತಾ
ತಿಮ್ಮಪ್ಪನವರೇ, ದುಡ್ಡಿನ ಕಥೆ ಬಿಟ್ಟಿರಿ. ಆ ಪೊದೆಯ ಉಪಯೋಗ ಮೊದಲು ಕಂಡುಕೊಂಡವರು ಅಲ್ಲಿನ ಮೂಲನಿವಾಸಿಗಳಾದ ಖೋಯಿ ಮತ್ತು ಸಾನ್ ಜನ. ನೂರಕ್ಕೂ ಹೆಚ್ಚು ವರ್ಷ ಬೇರೆಯವರು ವ್ಯಾಪಾರ ಮಾಡಿದರು. 2019ರಲ್ಲಿ ಒಪ್ಪಂದ ಆಗಿ, ರೈತರಿಂದ ಕೊಳ್ಳುವ ಬೆಲೆಯ 1.5% ಅವರಿಗೆ ಕೊಡಬೇಕು ಅಂತಾಯಿತು. ಪೆಲಾರ್ಗೋನಿಯಂ ಅಂತ ಇನ್ನೊಂದು ಗಿಡ, ಕೆಮ್ಮಿಗೆ ಬೇರಿನ ಸಾರ. ಅದರ ಮೇಲೆ ಜರ್ಮನ್ ಕಂಪನಿ ಪಡೆದಿದ್ದ ಪೇಟೆಂಟನ್ನು ದಕ್ಷಿಣ ಆಫ್ರಿಕಾದ ಆಲಿಸ್ ಊರಿನ ಸಮುದಾಯ ಪ್ರಶ್ನಿಸಿತು. 2010ರಲ್ಲಿ ರದ್ದಾಯಿತು.

ಮಲ್ನಾಡ್_ಮಂಜಣ್ಣ
ಒಂದೂವರೆ ಪರ್ಸೆಂಟ್! ನಮ್ಮ ಕಡೆ ಅಡಿಕೆ ಮಂಡಿಯ ಕಮಿಷನ್ನೂ ಇದಕ್ಕಿಂತ ಜಾಸ್ತಿ.

ಕೇಪಿನ_ಕಿಟ್ಟಿ
ಎಲ್ಲರಿಗೂ ಥ್ಯಾಂಕ್ಸ್. ಕ್ಯಾಪ್ಸೂಲ್ ಡಬ್ಬಿ ಇಲ್ಲೇ ಬಿಡುತ್ತೇನೆ. ಗೆಳೆಯರಿಗೆ ಕಾರಣ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ‘ನಮ್ಮಜ್ಜಿಯೂ ಡಾಕ್ಟರ್ ಗುಳಿಗೆ ಜೊತೆ ಅದನ್ನು ಕೊಡುತ್ತಿರಲಿಲ್ಲ’ ಅಂದರು! ಅದನ್ನು ಮೊದಲೇ ಹೇಳಬಾರದಿತ್ತಾ.

ನಿನ್ನೆ ಅಪ್ಪನಿಗೆ ಫೋನ್ ಮಾಡಿ ಪುಂಡಿ ಕಥೆ ಹೇಳಿದೆ. ‘ಪುಂಡಿ ತರೋಕೆ ಆಫ್ರಿಕಾಕ್ಕೆ ಹೋಗಿದ್ದೀಯಾ?’ ಅಂದರು. ಅಮ್ಮ ಹಿಂದಿನಿಂದ ಕೂಗಿದಳು, ಗುಳಿಗೆ ಬಿಡದೆ ನುಂಗಿಸುವ ಜವಾಬ್ದಾರಿ ಅವಳದಂತೆ. ರೂಯಿಬೊಸ್ ಮಾತ್ರ ಎರಡು ಪೊಟ್ಟಣ ತರುತ್ತಿದ್ದೇನೆ.

ಸವಣೂರ_ಶಿವು
ಊರಿಗೆ ಬಂದಾಗ ದೊಡ್ಡಹುಣಸೆ ಮರ ನೋಡೋಕೆ ಬನ್ನಿ ಅಣ್ಣ. ಒಂದು ಪೊಟ್ಟಣ ನನಗೆ.

ಮಂಡ್ಯದ_ಮಾದೇಶ
ರಾಗಿ ಚರ್ಚೆ ತೆರೆದಿದ್ದೇನೆ. ಗಿರೀಶ್ ಅವರು ಬರಬೇಕು, ಪುರಾವೆ ಸಮೇತ.